ಗಾಳಿಮಾತು ಮತ್ತು ಚುಚ್ಚುಮದ್ದು: ಆಫ್ರಿಕದ ದನಗಾಹಿಗಳ ಅನುಭವ

(ಸಂಘಗಳ ಅಧ್ಯಕ್ಷರು, ಕಾರ್ಯದರ್ಶಿಗಳು ಹಾಗೂ ಪ್ರಥಮ ಚಿಕಿತ್ಸಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ. ಶಿಬಿರಕ್ಕೆ ಬರಲಾಗದ ಸದಸ್ಯರ ಅನುಕೂಲಕ್ಕಾಗಿ ಇಲ್ಲಿ ಪ್ರಕಟಿಸಲಾಗಿದೆ.)



ಕಾಲುಬಾಯಿ ಜ್ವರದ ಲಸಿಕೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕೇಳಿದ್ದಾರೆ. ಲಸಿಕೆಯ ಗುಣಗಾನವನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ಕರಪತ್ರದಲ್ಲಿದೆ, ಸಂಘದ ಗೋಡೆಯ ಮೇಲೂ ಬರೆದಿದೆ. ಆದರೂ ಪ್ರತಿ ಸುತ್ತಿನಲ್ಲೂ ಕೆಲವು ಮನೆಗಳಲ್ಲಿ ರಾಸು ಕಟ್ಟಿಹಾಕಿ, "ಈ ಸಲ ಬೇಡ ಸ್ವಾಮಿ" ಎನ್ನುತ್ತಾರೆ. ಬೇಡ ಎನ್ನುವುದಕ್ಕೆ ಅವರಿಗೊಂದು ಕಾರಣವಿರುತ್ತದೆ. ಆ ಕಾರಣ ಎಲ್ಲಿಂದ ಹುಟ್ಟುತ್ತದೆ, ಅದಕ್ಕೆ ಯಾರು ಉತ್ತರ ಕೊಡಬೇಕು, ಹೇಗೆ ಕೊಡಬೇಕು ಎಂಬುದು ಇವತ್ತಿನ ನನ್ನ ವಿಷಯ. ಇದಕ್ಕೆ ಉದಾಹರಣೆಗಳನ್ನು ನಮ್ಮ ತಾಲ್ಲೂಕಿನಿಂದ ತರದೆ ಆಫ್ರಿಕದಿಂದ ತರುತ್ತೇನೆ.

ಆಫ್ರಿಕ ಎಂದ ಕೂಡಲೇ ಕೆಲವರು ಮುಗುಳ್ನಗುತ್ತಿದ್ದೀರಿ. ನೀವು ಬೆಳಿಗ್ಗೆ ಉಂಡು ಬಂದ ಮುದ್ದೆಯ ರಾಗಿ ಮೂಲದಲ್ಲಿ ಪೂರ್ವ ಆಫ್ರಿಕದ ಬೆಟ್ಟಸೀಮೆಯ ಬೆಳೆ. ನಿಮ್ಮ ಹಸು ತಿನ್ನುವ ನೇಪಿಯರ್ ಹುಲ್ಲೂ ಆಫ್ರಿಕದ್ದೇ. ಕೀನ್ಯಾ ದೇಶದಲ್ಲಿ ಹಾಲಿನ ಬಹುಪಾಲು ಬರುವುದು ಒಂದೆರಡು ಹಸು ಕಟ್ಟಿಕೊಂಡ ಸಣ್ಣ ರೈತರಿಂದ. ನೈರೋಬಿಯ ಸಮೀಪದ ಗಿಥುಂಗುರಿ ಎಂಬಲ್ಲಿ 1961ರಲ್ಲಿ ಸ್ಥಾಪನೆಯಾದ ಹಾಲು ಉತ್ಪಾದಕರ ಸಹಕಾರ ಸಂಘ ತನ್ನದೇ ಡೇರಿ ಕಟ್ಟಿ ಹಾಲು ಮಾರುತ್ತಿದೆ. ಆದ್ದರಿಂದ ನಾನು ಹೇಳುವುದು ನಮ್ಮಂಥವರ ಕಥೆ ಎಂದೇ ಕೇಳಿ.

ಆ ಕೀನ್ಯಾದಲ್ಲಿ 2024ರ ಕೊನೆಯಲ್ಲಿ ಏನಾಯಿತೆಂದು ಮೊದಲು ನೋಡೋಣ. ದೇಶದ 2 ಕೋಟಿ 20 ಲಕ್ಷ ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ, 5 ಕೋಟಿ ಆಡು-ಕುರಿಗಳಿಗೆ ಪಿ.ಪಿ.ಆರ್. ಲಸಿಕೆ ಹಾಕುವುದಾಗಿ ಸರ್ಕಾರ ಪ್ರಕಟಿಸಿತು. ಉದ್ದೇಶ ಒಳ್ಳೆಯದೇ. ಕಾಲುಬಾಯಿ ಜ್ವರವಿರುವ ದೇಶದ ಮಾಂಸ, ಹಾಲು, ಜಾನುವಾರುಗಳಿಗೆ ಹೊರದೇಶದ ಮಾರುಕಟ್ಟೆ ಸುಲಭವಾಗಿ ತೆರೆಯುವುದಿಲ್ಲ. ಪಿ.ಪಿ.ಆರ್. ಬಂದರೆ ಕುರಿಮಂದೆಯೇ ಮಲಗುತ್ತದೆ. ಆದರೆ ಪ್ರಕಟಣೆ ಹೊರಬಿದ್ದ ಕೆಲವೇ ದಿನಗಳಲ್ಲಿ ದೇಶದ ತುಂಬ ಇನ್ನೊಂದು ಸುದ್ದಿ ಹರಡಿತು. ಈ ಸೂಜಿ ರೋಗಕ್ಕಲ್ಲ, ದನಗಳು ಬಿಡುವ ಗಾಳಿಯನ್ನು ತಡೆಯುವುದಕ್ಕೆ. ಇದರ ಹಿಂದೆ ಅಮೆರಿಕದ ಸಿರಿವಂತ ಬಿಲ್ ಗೇಟ್ಸ್ ಇದ್ದಾರೆ. ನಮ್ಮ ನಾಟಿ ದನಗಳ ತಳಿಯನ್ನೇ ಹಾಳುಮಾಡುತ್ತಾರೆ ಎಂದು. ಸಂತೆಯಲ್ಲಿ, ಚರ್ಚಿನಲ್ಲಿ, ಮೊಬೈಲಿನಲ್ಲಿ ಇದೇ ಮಾತು. ರಾಜಕೀಯದವರೂ ದನಿಗೂಡಿಸಿದರು.

ಇದು ಶುದ್ಧ ಸುಳ್ಳೆಂದು ಕೈಕೊಡವಿ ಬಿಡಬಹುದಿತ್ತು. ಆದರೆ ಸುಳ್ಳಿನ ಒಳಗೆ ಇಣುಕಿ ನೋಡಿ. ದನಗಳು ಮೀಥೇನ್ ಎಂಬ ಅನಿಲ ಬಿಡುವುದು ನಿಜ. ಅದು ಭೂಮಿಯ ಬಿಸಿ ಹೆಚ್ಚಿಸುತ್ತದೆ ಎಂಬುದೂ ನಿಜ. ಅದನ್ನು ತಗ್ಗಿಸಲು ಒಂದು ಲಸಿಕೆ ಕಂಡುಹಿಡಿಯಬಹುದೇ ಎಂದು ಕೆಲವು ದೇಶಗಳಲ್ಲಿ ಸಂಶೋಧನೆ ನಡೆಯುತ್ತಿರುವುದೂ ನಿಜ. ಅಂಥ ಕೆಲಸ ಮಾಡುವ ಕಂಪನಿಗಳಲ್ಲಿ ಗೇಟ್ಸ್ ಅವರ ಹಣ ತೊಡಗಿರುವುದೂ ನಿಜ. ಸುಳ್ಳು ಯಾವುದೆಂದರೆ, ಕೀನ್ಯಾದಲ್ಲಿ ಹಾಕಲು ಹೊರಟ ಸೂಜಿ ಅದೇ ಎಂಬ ಒಂದು ಕೊಂಡಿ ಮಾತ್ರ. ನಾಲ್ಕು ನಿಜಕ್ಕೆ ಒಂದು ಸುಳ್ಳು ಹೊಲಿದು ಕೊಟ್ಟರೆ ಅದು ಸುಳ್ಳಿನ ಹಾಗೆ ಕಾಣುವುದಿಲ್ಲ. ಹಾಲಿಗೆ ನೀರು ಬೆರೆಸುವವನು ಬರೀ ನೀರು ತಂದು ಸಂಘದಲ್ಲಿ ಅಳೆಯುತ್ತಾನೆಯೇ?

ಇದಕ್ಕೆ ಉತ್ತರ ಕೊಡುವುದು ಕಷ್ಟವೇನೂ ಅಲ್ಲ. ನಿಮ್ಮ ಮುಂದೆಯೇ ಕೊಟ್ಟು ತೋರಿಸುತ್ತೇನೆ. ಹಸುವಿನ ದೊಡ್ಡ ಹೊಟ್ಟೆ ಒಂದು ಹುದುಗಿನ ಪಾತ್ರೆ ಇದ್ದಹಾಗೆ. ಅಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ಸೂಕ್ಷ್ಮಜೀವಿಗಳು ಹುಲ್ಲನ್ನು ಹುದುಗಿಸಿ ಹಸುವಿಗೆ ಆಹಾರ ಮಾಡಿಕೊಡುತ್ತವೆ. ಆಗ ಹುಟ್ಟುವ ಮೀಥೇನ್ ಬಹುಪಾಲು ಹೊರಬರುವುದು ಬಾಯಿಂದ, ತೇಗಿನ ಮೂಲಕ; ಜನ ತಮಾಷೆ ಮಾಡುವ ಹಾಗೆ ಹಿಂದಿನಿಂದಲ್ಲ. ಕಾಲುಬಾಯಿ ಜ್ವರದ ಲಸಿಕೆಯಲ್ಲಿರುವುದು ಆ ರೋಗದ ವೈರಾಣು, ಅದೂ ರಾಸಾಯನಿಕದಿಂದ ಕೊಂದದ್ದು. ಅದನ್ನು ಚುಚ್ಚಿದಾಗ ರಕ್ತದಲ್ಲಿ ಆ ವೈರಾಣುವಿನ ವಿರುದ್ಧ ಕಾವಲು ತಯಾರಾಗುತ್ತದೆ. ಹೊಟ್ಟೆಯ ಸೂಕ್ಷ್ಮಜೀವಿಗಳ ತಂಟೆಗೆ ಅದು ಹೋಗುವುದಿಲ್ಲ. ಹೋಗಿದ್ದರೆ ಹಸು ಮೇವನ್ನೇ ಬಿಡುತ್ತಿತ್ತು, ಮರುದಿನವೇ ನಿಮಗೆ ಗೊತ್ತಾಗುತ್ತಿತ್ತು. ಇನ್ನು, ಕೀನ್ಯಾದಲ್ಲಿ ಈ ಲಸಿಕೆ ತಯಾರಿಸುವುದು ಅಲ್ಲಿನ ಸರ್ಕಾರದ್ದೇ ಪಶುಲಸಿಕೆ ಸಂಸ್ಥೆ. ಅಲ್ಲಿ ಓಡಾಡುವ ವೈರಾಣುವಿನ ಬಗೆಗಳೇ ಬೇರೆ, ನಮ್ಮಲ್ಲಿಯವೇ ಬೇರೆ. ನಮ್ಮಲ್ಲಿ ಓ, ಎ, ಏಷ್ಯಾ-1. ಅಲ್ಲಿ ಓ, ಎ ಜೊತೆಗೆ ಆಫ್ರಿಕದ್ದೇ ಆದ ಸ್ಯಾಟ್ ಬಗೆಗಳು. ಅಲ್ಲಿನ ಬಗೆಗಳಿಗೆ ಹೊಂದದ ಲಸಿಕೆ ಅಲ್ಲಿ ಕೆಲಸಕ್ಕೆ ಬಾರದು. ಆದ್ದರಿಂದ ಲಸಿಕೆ ಎಲ್ಲೇ ತಯಾರಾಗಲಿ, ಆ ಮಣ್ಣಿನ ವೈರಾಣುವಿಗೆ ಹೊಂದುವಂಥದ್ದೇ ಆಗಿರಬೇಕು.

ನೋಡಿ, ಎರಡು ನಿಮಿಷ ಹಿಡಿಯಿತು. ಆ ಎರಡು ನಿಮಿಷದ ಮಾತನ್ನು ಅಲ್ಲಿನ ದನಗಾಹಿಗೆ ಅವನ ಭಾಷೆಯಲ್ಲಿ, ಅವನಿಗೆ ಗೊತ್ತಿರುವವರು, ಪ್ರಕಟಣೆಗಿಂತ ಮೊದಲೇ ಹೇಳಿದ್ದರೆ ಗಾಳಿಮಾತಿಗೆ ಕೂರಲು ಜಾಗವಿರುತ್ತಿರಲಿಲ್ಲ. ಆದದ್ದೇ ಬೇರೆ. ಕೋಟಿಗಟ್ಟಲೆ ಲೆಕ್ಕ ಮೊದಲು ಬಂತು, ವಿವರಣೆ ಹಿಂದೆ ಉಳಿಯಿತು. ವಿರೋಧ ಹೆಚ್ಚಾದಾಗ ಅಧ್ಯಕ್ಷ ವಿಲಿಯಂ ರುಟೊ ಅವರೇ ಸಾರ್ವಜನಿಕ ಸಭೆಯಲ್ಲಿ ವಿರೋಧಿಗಳನ್ನು ಬುದ್ಧಿಗೇಡಿಗಳೆಂಬ ಅರ್ಥದಲ್ಲಿ ಜರೆದರು. ಜರೆಸಿಕೊಂಡವನು ಕೊಟ್ಟಿಗೆಯ ಬಾಗಿಲು ತೆರೆಯುತ್ತಾನೆಯೇ? ಹಠ ಹಿಡಿಯುತ್ತಾನೆ. ಕಡೆಗೆ 2025ರ ಜನವರಿಯಲ್ಲಿ ಹೊಸದಾಗಿ ಬಂದ ಕೃಷಿ ಸಚಿವರು, ಇದು ಕಡ್ಡಾಯವಲ್ಲ, ಇಷ್ಟವಿದ್ದವರು ಹಾಕಿಸಿಕೊಳ್ಳಬಹುದು ಎಂದು ಸಮಾಧಾನ ಹೇಳಿ ಕೆಲಸ ಶುರುಮಾಡಬೇಕಾಯಿತು. ಕಾಲುಬಾಯಿ ಜ್ವರದಂಥ ಅಂಟುಜಾಡ್ಯದಲ್ಲಿ ಊರಿನ ಅರ್ಧ ರಾಸಿಗೆ ಲಸಿಕೆ ಹಾಕಿ ಅರ್ಧ ಬಿಟ್ಟರೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ.

ದನಗಾಹಿಯ ಅನುಮಾನ ಸುಮ್ಮನೆ ಆಕಾಶದಿಂದ ಬೀಳುವುದಿಲ್ಲ. ಅದಕ್ಕೆ ಹಳೆಯ ಬೇರುಗಳಿವೆ. ಇದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಇಲ್ಲಿ ಕೂತಿರುವ ಹಿರಿಯರಿಗೆ ದೊಡ್ಡರೋಗದ ನೆನಪಿರಬೇಕು. ಬಾಯಿ ಹುಣ್ಣಾಗಿ, ಕಣ್ಣು ಮೂಗು ಸೋರಿ, ಭೇದಿಯಾಗಿ ವಾರದೊಳಗೆ ರಾಸು ಸಾಯುತ್ತಿದ್ದ ಆ ರೋಗ. ನಮ್ಮ ದೇಶದಲ್ಲಿ ಅದು ಕೊನೆಯ ಬಾರಿ ಕಾಣಿಸಿಕೊಂಡದ್ದು 1995ರಲ್ಲಿ. ನಾನು ಪಶುವೈದ್ಯಕೀಯ ಕಾಲೇಜಿಗೆ ಸೇರುವ ಹೊತ್ತಿಗೆ ಅದು ಪಠ್ಯಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಆಫ್ರಿಕಕ್ಕೆ ಈ ರೋಗ ಭೀಕರವಾಗಿ ಹೊಕ್ಕದ್ದು 1887ರ ಸುಮಾರಿಗೆ, ಕೆಂಪು ಸಮುದ್ರದ ಮಸಾವಾ ಬಂದರಿನ ಮೂಲಕ. ಇಟಲಿಯ ಸೈನ್ಯಕ್ಕಾಗಿ ಹಡಗಿನಲ್ಲಿ ತರಿಸಿದ ದನಗಳ ಜೊತೆ ಬಂತು, ಆ ದನಗಳು ನಮ್ಮ ಭಾರತದ್ದೇ ಎಂದು ಬಹಳ ಮಂದಿ ಇತಿಹಾಸಕಾರರು ಬರೆದಿದ್ದಾರೆ. ಹತ್ತು ವರ್ಷದಲ್ಲಿ ಅದು ಆ ಖಂಡದ ದಕ್ಷಿಣದ ತುದಿ ಮುಟ್ಟಿತು. ಹೋದಲ್ಲೆಲ್ಲ ನೂರಕ್ಕೆ ಎಂಬತ್ತು, ತೊಂಬತ್ತು ದನ ಸತ್ತವು. ಇಥಿಯೋಪಿಯಾದಲ್ಲಿ ಉಳಲು ಎತ್ತಿಲ್ಲದೆ ಘೋರ ಕ್ಷಾಮ ಬಂತು. ದನವೇ ಬದುಕಾಗಿದ್ದ ಮಸಾಯಿ ಜನ ದಿಕ್ಕೆಟ್ಟರು.

ದಕ್ಷಿಣ ಆಫ್ರಿಕದ ಹಲವು ಭಾಗಗಳಲ್ಲಿ ಆಗ ಬ್ರಿಟಿಷರ ಆಳ್ವಿಕೆ. ರೋಗ ತಡೆಯಲೆಂದು ಬೇಲಿ ಕಟ್ಟಿದರು, ದನಗಳನ್ನು ಗುಂಡಿಟ್ಟು ಕೊಂದರು. ರೋಗವಿಲ್ಲದ ದನಗಳನ್ನೂ ಕೊಂದರು. ನಮ್ಮನ್ನು ಬಡವರನ್ನಾಗಿ ಮಾಡಿ ಗಣಿ ಕೂಲಿಗೆ ಎಳೆಯುವುದಕ್ಕೆ ಬಿಳಿಯರೇ ಈ ರೋಗ ಹರಡಿದ್ದಾರೆ ಎಂಬ ಮಾತು ಊರೂರಲ್ಲಿ ಎದ್ದಿತು. 1896ರ ಕೊನೆಗೆ ತೌಂಗ್ ಎಂಬಲ್ಲಿ ಗಡಿ ದಾಟಿದ ದನಗಳನ್ನು ಪೊಲೀಸರು ಕೊಂದಾಗ ಗಲಿಷಿವೆ ಎಂಬ ಊರ ಮುಖ್ಯಸ್ಥ ತಿರುಗಿಬಿದ್ದ. ಆ ಗಲಭೆ 1897ರ ನಡುವಿನವರೆಗೂ ನಡೆಯಿತು. ಅದೇ ಹೊತ್ತಿಗೆ, ಕ್ಷಯರೋಗದ ಕ್ರಿಮಿ ಕಂಡುಹಿಡಿದ ಜರ್ಮನಿಯ ರಾಬರ್ಟ್ ಕೋಕ್ ಕಿಂಬರ್ಲಿಗೆ ಬಂದು, ರೋಗದಿಂದ ಸತ್ತ ದನದ ಪಿತ್ತವನ್ನು ಚುಚ್ಚಿ ರೋಗ ತಡೆಯುವ ವಿಧಾನ ತಂದಿದ್ದರು. ನೀವೇ ಯೋಚಿಸಿ: ನಿನ್ನೆ ಬಂದೂಕು ಹಿಡಿದು ಬಂದವರು ಇವತ್ತು ಸೂಜಿ ಹಿಡಿದು ಬಂದರೆ, ಅದೂ ಸತ್ತ ದನದ ಪಿತ್ತ ತುಂಬಿದ ಸೂಜಿ, ನೀವಾದರೆ ರಾಸು ಹಿಡಿದುಕೊಡುತ್ತಿದ್ದಿರಾ? ಬಿಳಿಯರು ರೋಗ ಹರಡಿದರು ಎಂಬುದು ಸುಳ್ಳು. ರೋಗದ ನೆಪದಲ್ಲಿ ಅವರ ದನ ಕೊಂದದ್ದು, ದನ ಹೋದ ಮೇಲೆ ಜನ ಕೂಲಿಗೆ ಬಿದ್ದದ್ದು ಸುಳ್ಳಲ್ಲ.

ಮನುಷ್ಯರ ಲಸಿಕೆಯಲ್ಲೂ ಇಂಥದೇ ಒಂದು ಪ್ರಸಂಗ ನಮ್ಮ ಕಾಲದಲ್ಲೇ ನಡೆದಿದೆ. ನೈಜೀರಿಯಾದ ಉತ್ತರದಲ್ಲಿ ಕಾನೊ ಎಂಬ ರಾಜ್ಯವಿದೆ. 2003ರಲ್ಲಿ ಅಲ್ಲಿ ಪೋಲಿಯೊ ಹನಿ ಹಾಕುವುದನ್ನೇ ನಿಲ್ಲಿಸಿದರು. ಹನಿ ಹಾಕಿಸಿದರೆ ಹೆಣ್ಣುಮಕ್ಕಳಿಗೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಗಾಳಿಮಾತು. ಆದರೆ 1996ರಲ್ಲಿ ಅದೇ ಕಾನೊದಲ್ಲಿ ಮೆದುಳುಜ್ವರ ಹರಡಿದ್ದಾಗ ಫೈಜರ್ ಎಂಬ ಅಮೆರಿಕದ ಕಂಪನಿ ತನ್ನ ಹೊಸ ಔಷಧವನ್ನು ರೋಗಿ ಮಕ್ಕಳ ಮೇಲೆ ಪ್ರಯೋಗ ಮಾಡಿತ್ತು. 200 ಮಕ್ಕಳ ಆ ಪ್ರಯೋಗದಲ್ಲಿ 11 ಮಕ್ಕಳು ಸತ್ತರು. ಸತ್ತದ್ದು ರೋಗದಿಂದಲೇ ಎಂದು ಕಂಪನಿ ವಾದಿಸಿತು, ತಂದೆತಾಯಿಯರ ಒಪ್ಪಿಗೆ ಸರಿಯಾಗಿ ಪಡೆದಿರಲಿಲ್ಲ ಎಂದು ಮೊಕದ್ದಮೆಗಳಾದವು, 2009ರಲ್ಲಿ ಕಂಪನಿ ಪರಿಹಾರಕ್ಕೆ ಒಪ್ಪಿಕೊಂಡಿತು. ಆ ನೆನಪು ಹಸಿಯಾಗಿದ್ದಾಗ ಮನೆಬಾಗಿಲಿಗೆ ಯಾರೋ ಬಂದು ಮಗುವಿನ ಬಾಯಿ ತೆರೆಸು ಎಂದರೆ ತಾಯಿ ಹಿಂಜರಿದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದರ ಬೆಲೆ ದೊಡ್ಡದಾಯಿತು. ಪೋಲಿಯೊ ತೊಲಗಿದ್ದ 20ರಷ್ಟು ದೇಶಗಳಿಗೆ ಅಲ್ಲಿಂದ ಮತ್ತೆ ಹರಡಿ ಮಕ್ಕಳ ಕಾಲು ಹೋದವು.

ಅದು ಸರಿಹೋದ ರೀತಿ ಗಮನಿಸಬೇಕಾದದ್ದು. ಬೈದು ಸರಿಮಾಡಲಿಲ್ಲ. ಅಲ್ಲಿನವರಿಗೆ ನಂಬಿಕೆ ಬರುವಂತೆ ಲಸಿಕೆಯನ್ನು ಪರೀಕ್ಷೆ ಮಾಡಿಸಿದರು, ಮುಸ್ಲಿಮರ ದೇಶವಾದ ಇಂಡೊನೇಷ್ಯಾದಿಂದ ಲಸಿಕೆ ತರಿಸಿದರು. 2004ರ ಜುಲೈ ಕೊನೆಗೆ ಕಾನೊದಲ್ಲಿ ಹನಿ ಮತ್ತೆ ಶುರುವಾಯಿತು. ಆ ಮೇಲೆ ಊರಿನ ಹಿರಿಯರು, ಧರ್ಮಗುರುಗಳು, ಪೋಲಿಯೊದಿಂದಲೇ ಕಾಲು ಕಳೆದುಕೊಂಡವರು ಮನೆಮನೆಗೆ ಹೋದರು. ಕೈಯಿಂದ ತಳ್ಳುವ ಗಾಡಿಯಲ್ಲಿ ಕೂತು ಬಂದವನು "ನನಗೆ ಹನಿ ಸಿಕ್ಕಿರಲಿಲ್ಲ" ಎಂದರೆ ಅದಕ್ಕಿಂತ ದೊಡ್ಡ ಭಾಷಣ ಯಾವುದಿದೆ? ಹದಿನಾರು ವರ್ಷ ಹಿಡಿಯಿತು, ಆದರೆ 2020ರ ಆಗಸ್ಟ್ 25ರಂದು ಕಾಡು ಪೋಲಿಯೊ ವೈರಾಣುವಿನಿಂದ ಆಫ್ರಿಕ ವಲಯ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯ ಘೋಷಣೆ ಬಂತು.

ಈಗ ಮತ್ತೆ ದನಗಳಿಗೆ ಬರುತ್ತೇನೆ. ದೊಡ್ಡರೋಗವನ್ನು ಆಫ್ರಿಕ ಹೇಗೆ ಗೆದ್ದಿತು ಎಂಬುದೇ ನನ್ನ ಮಟ್ಟಿಗೆ ಈ ವಿಷಯದ ಅತಿ ದೊಡ್ಡ ಪಾಠ. ಲಸಿಕೆ ಇರಲಿಲ್ಲವೆಂದಲ್ಲ. ಕೀನ್ಯಾದ ಮುಗುಗ ಎಂಬಲ್ಲಿನ ಪ್ರಯೋಗಾಲಯದಲ್ಲಿ ವಾಲ್ಟರ್ ಪ್ಲೌರೈಟ್ ಎಂಬ ಪಶುವೈದ್ಯರು 1960ರ ಸುಮಾರಿಗೆ ಬಹಳ ಒಳ್ಳೆಯ ಲಸಿಕೆ ತಯಾರಿಸಿದ್ದರು. ಅದಕ್ಕಾಗಿ 1999ರಲ್ಲಿ ಅವರಿಗೆ ವಿಶ್ವ ಆಹಾರ ಪ್ರಶಸ್ತಿಯೂ ಬಂತು. 1962ರಿಂದ 1976ರವರೆಗೆ ಹಲವು ದೇಶಗಳು ಸೇರಿ ಲಕ್ಷೋಪಲಕ್ಷ ದನಗಳಿಗೆ ಹಾಕಿದರು. ರೋಗ ಬಹುತೇಕ ಅಡಗಿತು. ಆದರೆ ಪೂರ್ತಿ ಹೋಗಲಿಲ್ಲ. 1980ರ ದಶಕದಲ್ಲಿ ಮತ್ತೆ ಭುಗಿಲೆದ್ದಿತು. ಕಾರಣ, ಜೀಪು ಹೋಗದ, ಸರ್ಕಾರದ ಮಾತು ನಡೆಯದ, ಬಂದೂಕಿನ ಸದ್ದು ನಿಲ್ಲದ ಮೂಲೆಗಳಲ್ಲಿ ರೋಗ ಉಳಿದುಕೊಂಡಿತ್ತು. ಇಥಿಯೋಪಿಯಾದ ಅಫಾರ್ ಮರಳುಗಾಡು, ದಕ್ಷಿಣ ಸುಡಾನ್, ಉಗಾಂಡದ ಕರಮೋಜ ಅಂಥ ಜಾಗಗಳು. ಅಲ್ಲಿಯ ಜನಕ್ಕೆ ನಗರದಿಂದ ಬರುವ ಸಮವಸ್ತ್ರದವರೆಂದರೆ ತೆರಿಗೆಯವರು ಇಲ್ಲವೇ ಸೈನಿಕರು.

ಜೆಫ್ರಿ ಮ್ಯಾರಿನರ್ ಎಂಬ ಅಮೆರಿಕದ ಪಶುವೈದ್ಯರು ಪ್ಲೌರೈಟ್ ಲಸಿಕೆಯನ್ನೇ ಬಿಸಿಲು ತಡೆಯುವಂತೆ ಒಣಗಿಸುವ ಕ್ರಮ ಕಂಡುಕೊಂಡರು. ಫ್ರಿಜ್ ಇಲ್ಲದೆ ಸುಮಾರು ಒಂದು ತಿಂಗಳು ಇಡಬಹುದು. ಐಸ್ ಪೆಟ್ಟಿಗೆ ಬೇಡವೆಂದಾದ ಮೇಲೆ ಜೀಪು ಬೇಡ. ಜೀಪು ಬೇಡವೆಂದಾದ ಮೇಲೆ ನಗರದ ತಂಡವೂ ಬೇಡ. ಲಸಿಕೆಯನ್ನು ಹೆಗಲಿಗೆ ಹಾಕಿಕೊಂಡು ಹೋಗುವವನು ಆ ಊರಿನ ದನಗಾಹಿಯೇ ಆಗಬಹುದು! ಹಾಗೇ ಮಾಡಿದರು. ಅಫಾರ್‌ನಲ್ಲಿ 1994ರಲ್ಲಿ 20 ಮಂದಿ ದನಗಾಹಿಗಳಿಗೆ ತರಬೇತಿ ಕೊಟ್ಟರು. ಯಾರಿಗೆ ತರಬೇತಿ ಕೊಡಬೇಕೆಂದು ಊರಿನವರೇ ಆರಿಸಿದರು. ಆ 20 ಮಂದಿ 70 ಸಾವಿರಕ್ಕೂ ಹೆಚ್ಚು ದನಗಳಿಗೆ ಲಸಿಕೆ ಹಾಕಿದರು. ಮರುವರ್ಷದ ನಂತರ ಅಲ್ಲಿ ದೊಡ್ಡರೋಗ ಕಾಣಿಸಲೇ ಇಲ್ಲ. ದಕ್ಷಿಣ ಸುಡಾನಿನಲ್ಲಿ ಅಂತರ್ಯುದ್ಧದ ನಡುವೆಯೇ ಯುನಿಸೆಫ್ ಆಶ್ರಯದಲ್ಲಿ ಇದೇ ಕ್ರಮ ತಂದಾಗ, 1992ರಲ್ಲಿ ಸುಮಾರು 1 ಲಕ್ಷ 40 ಸಾವಿರವಿದ್ದ ಲಸಿಕೆಯ ಲೆಕ್ಕ 1993ರಲ್ಲಿ 14 ಲಕ್ಷ ದಾಟಿತು.

ಲಸಿಕೆ ಅದೇ, ಜನ ಅವರೇ. ಬದಲಾದದ್ದು ಹೇಳುವ ಬಾಯಿ.

ಇನ್ನೊಂದು ವಿಷಯವೂ ಬದಲಾಯಿತು. ಅದಕ್ಕಿಂತ ಮೊದಲು ವೈದ್ಯರು ಹೋಗಿ ಇಂಗ್ಲಿಷ್ ಹೆಸರಿನ ರೋಗದ ಬಗ್ಗೆ ಉಪನ್ಯಾಸ ಕೊಡುತ್ತಿದ್ದರು. ಈಗ ಮೊದಲು ಕೂತು ಕೇಳತೊಡಗಿದರು: ನಿಮ್ಮ ದನಕ್ಕೆ ಏನೇನು ರೋಗ ಬರುತ್ತದೆ, ಅದಕ್ಕೆ ನೀವೇನೆನ್ನುತ್ತೀರಿ, ಯಾವ ಕಾಲದಲ್ಲಿ ಬರುತ್ತದೆ, ಯಾವ ವಯಸ್ಸಿನ ರಾಸು ಸಾಯುತ್ತದೆ? ದೊಡ್ಡರೋಗಕ್ಕೆ ಮಸಾಯಿಗಳು ಒಲೊದುವಾ ಎನ್ನುತ್ತಾರೆ, ಡಿಂಕಾ ಜನ ಅವೆತ್ ಎನ್ನುತ್ತಾರೆ. ಆ ಹೆಸರು ಹಿಡಿದು ಮಾತು ತೆಗೆದರೆ ಹತ್ತು ವರ್ಷದ ರೋಗದ ಚರಿತ್ರೆಯೇ ಅವರ ಬಾಯಿಂದ ಬರುತ್ತಿತ್ತು. ಎಲ್ಲಿ ರೋಗ ಅಡಗಿದೆ ಎಂಬ ಸುಳಿವು ಪ್ರಯೋಗಾಲಯಕ್ಕಿಂತ ಮೊದಲು ದನಗಾಹಿಗಳಿಂದ ಸಿಕ್ಕಿದ್ದುಂಟು. ಈ ಕೇಳುವ ಕ್ರಮ ಈಗ ಪಶುವೈದ್ಯ ಶಾಸ್ತ್ರದಲ್ಲಿ ಒಂದು ಮಾನ್ಯ ವಿಧಾನವಾಗಿದೆ.

ಮಸಾಯಿಗಳದೇ ಇನ್ನೊಂದು ಉದಾಹರಣೆ ಹೇಳದೆ ಮುಂದೆ ಹೋಗಲಾರೆ. ವೈಲ್ಡ್‌ಬೀಸ್ಟ್ ಎಂಬ ಕಾಡುಪ್ರಾಣಿಗಳು ಹಿಂಡುಹಿಂಡಾಗಿ ಮರಿ ಹಾಕುವ ಕಾಲಕ್ಕೆ ಅವರು ತಮ್ಮ ದನಗಳನ್ನು ಆ ಹುಲ್ಲುಗಾವಲಿನಿಂದ ದೂರ ಒಯ್ಯುತ್ತಾರೆ. ಅಲ್ಲಿ ಮೇಯಿಸಿದರೆ ದನಗಳಿಗೆ ಮಾರಕ ಜ್ವರ ಬರುತ್ತದೆ ಎಂಬುದು ಅವರ ಹಳೆಯ ತಿಳಿವಳಿಕೆ. ಇದೇ ಪ್ಲೌರೈಟ್ 1960ರಲ್ಲಿ ಆ ಪ್ರಾಣಿಯಲ್ಲಿ ವೈರಾಣು ಇರುವುದನ್ನು ತೋರಿಸಿದರು. ಮಸಾಯಿಗಳು ಹೇಳಿದ್ದು ಸರಿಯಾಗಿತ್ತು. ಆದರೆ ಪೂರ್ತಿ ಸರಿಯಲ್ಲ. ಮಾಸು ಬಿದ್ದ ಹುಲ್ಲಿನಿಂದ ರೋಗ ಬರುತ್ತದೆಂದು ಅವರು ನಂಬಿದ್ದರು. ಎಳೆಯ ಮರಿಗಳ ಮೂಗು ಕಣ್ಣಿನ ಸ್ರಾವದಿಂದ ಬರುತ್ತದೆಂದು ವಿಜ್ಞಾನ ತೋರಿಸಿತು. ಎರಡು ತಿಳಿವಳಿಕೆ ಹೀಗೆ ಕೂಡಬೇಕು. ಹಳ್ಳಿಯವನು ಹೇಳುವುದೆಲ್ಲ ಮೌಢ್ಯ ಎನ್ನುವ ಅಧಿಕಾರಿಯೂ, ಹಳೆಯದೆಲ್ಲ ಸತ್ಯ ಎನ್ನುವ ಭಾಷಣಕಾರನೂ ನನ್ನ ದೃಷ್ಟಿಯಲ್ಲಿ ಒಂದೇ ತಕ್ಕಡಿಯವರು.

ಕೊನೆಗೆ 2001ರಲ್ಲಿ ಕೀನ್ಯಾದ ಮೇರು ರಾಷ್ಟ್ರೀಯ ಉದ್ಯಾನದ ಕಾಡೆಮ್ಮೆಗಳಲ್ಲಿ ದೊಡ್ಡರೋಗ ಕಂಡದ್ದೇ ಕಡೆ. 2011ರಲ್ಲಿ ಭೂಮಿಯ ಮೇಲಿಂದಲೇ ಅದು ಅಳಿಯಿತೆಂದು ಸಾರಿದರು. ಸಿಡುಬಿನ ನಂತರ ಮನುಷ್ಯ ಪೂರ್ತಿ ಅಳಿಸಿದ ಎರಡನೆಯ ರೋಗ ಅದು. ದನದ ರೋಗ ಎಂಬುದು ನಮ್ಮ ವೃತ್ತಿಯವರಿಗೆ ಹೆಮ್ಮೆ.

ಲಸಿಕೆಯ ತೊಂದರೆಯನ್ನು ಮುಚ್ಚಿಡುವುದರಿಂದ ಆಗುವ ಕೆಡುಕಿನ ಬಗ್ಗೆಯೂ ಆಫ್ರಿಕದಲ್ಲಿ ಸಾಕ್ಷಿ ಇದೆ. ದನಗಳ ಶ್ವಾಸಕೋಶದ ಅಂಟುರೋಗಕ್ಕೆ ಅಲ್ಲಿ ಬಳಸುವ ಜೀವಂತ ಲಸಿಕೆಯಿಂದ ಕೆಲವು ರಾಸುಗಳಿಗೆ ಚುಚ್ಚಿದ ಜಾಗದಲ್ಲಿ ದೊಡ್ಡ ಬಾವು ಬರುತ್ತದೆ. ಮೊದಲೇ ಹೇಳದೆ ಚುಚ್ಚಿಹೋದ ಊರಿನಲ್ಲಿ ಮರುವರ್ಷ ಯಾವ ಲಸಿಕೆಗೂ ದನ ಸಿಗುವುದಿಲ್ಲ. ಇದಕ್ಕೆ ಎದುರಾಗಿ ಟಾಂಜಾನಿಯಾದ ಮಸಾಯಿಗಳನ್ನು ನೋಡಿ. ಅಲ್ಲಿ ಉಣ್ಣೆಯಿಂದ ಬರುವ ಈಸ್ಟ್ ಕೋಸ್ಟ್ ಜ್ವರ ಎಂಬ ಕಾಯಿಲೆ ಕರುಗಳನ್ನು ಕೊಲ್ಲುತ್ತದೆ. ನಮ್ಮ ಮಿಶ್ರತಳಿ ಹಸುಗಳನ್ನು ಕಾಡುವ ಥೈಲೇರಿಯಾ ಜ್ವರದ ದಾಯಾದಿ ಅದು. ಅದಕ್ಕೆ ಮುಗುಗದಲ್ಲೇ ರೂಪಿಸಿದ ಲಸಿಕೆ ಬಹಳ ವಿಚಿತ್ರವಾದದ್ದು: ಜೀವಂತ ರೋಗಾಣುವನ್ನೇ ಚುಚ್ಚಿ, ಅದೇ ಹೊತ್ತಿಗೆ ಅದನ್ನು ಹದ್ದುಬಸ್ತಿನಲ್ಲಿಡುವ ಆಕ್ಸಿಟೆಟ್ರಾಸೈಕ್ಲಿನ್ ಚುಚ್ಚುಮದ್ದನ್ನೂ ಕೊಡುತ್ತಾರೆ. ಲಸಿಕೆ ಇಡುವುದು ನಮ್ಮ ವೀರ್ಯದ ಕಡ್ಡಿಗಳ ಹಾಗೆಯೇ, ದ್ರವಸಾರಜನಕದ ಜಾಡಿಯಲ್ಲಿ. ರೋಗವನ್ನೇ ಚುಚ್ಚುತ್ತೇವೆ ಎಂದು ಬಾಯಿಬಿಟ್ಟು ಹೇಳಿದರೆ ಜನ ಓಡಿಹೋಗಬೇಕಿತ್ತಲ್ಲವೇ? ಓಡಲಿಲ್ಲ. ಕೆಲವು ಸರ್ಕಾರಗಳು ಹಿಂದೆಮುಂದೆ ನೋಡುತ್ತಿದ್ದಾಗಲೂ ಮಸಾಯಿಗಳು ಕೈಯಿಂದ ಹಣ ಕೊಟ್ಟು ಹಾಕಿಸಿದರು. ಪಕ್ಕದವನ ಕರು ಉಳಿದದ್ದನ್ನು ಕಣ್ಣಾರೆ ಕಂಡಿದ್ದರು. ಲಸಿಕೆ ಹಾಕಿದ ಕರುವಿಗೆ ಕಿವಿಯೋಲೆ ಹಾಕುತ್ತಾರೆ, ಆ ಓಲೆಯಿರುವ ಕರುವಿಗೆ ಸಂತೆಯಲ್ಲಿ ಬೆಲೆ ಹೆಚ್ಚು ಸಿಗತೊಡಗಿತು. ಅಲ್ಲಿಗೆ ಪ್ರಚಾರದ ಕೆಲಸ ಸಂತೆಯೇ ಮಾಡಿತು.

ನಮ್ಮ ಮಾತಿಗೆ ಬರೋಣ. ನಮ್ಮ ದೇಶದಲ್ಲಿ 2019ರಿಂದ ರಾಷ್ಟ್ರೀಯ ಕಾರ್ಯಕ್ರಮದಡಿ ಕಾಲುಬಾಯಿ ಜ್ವರದ ಲಸಿಕೆ ಸುತ್ತುಗಳು ಬರುತ್ತಿವೆ. ನೀವು ಕೇಳುವ ಪ್ರಶ್ನೆಗಳು ನನಗೆ ಗೊತ್ತು. ಮುಚ್ಚುಮರೆಯಿಲ್ಲದೆ ಉತ್ತರ ಹೇಳುತ್ತೇನೆ.

ಹಾಲು ಕಡಿಮೆಯಾಗುತ್ತದೆಯೇ? ಕೆಲವು ರಾಸುಗಳಲ್ಲಿ ಆಗುತ್ತದೆ. ಮೈ ಸ್ವಲ್ಪ ಬಿಸಿಯಾಗಿ ಒಂದೆರಡು ದಿನ, ಕೆಲವೊಮ್ಮೆ ಇನ್ನೂ ಸ್ವಲ್ಪ ದಿನ ಹಾಲು ಇಳಿಯಬಹುದು, ಮತ್ತೆ ಏರುತ್ತದೆ. ಏನೂ ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ಅವರು ನಿಮಗೆ ಉಪಕಾರ ಮಾಡುತ್ತಿಲ್ಲ. ಚುಚ್ಚಿದ ಜಾಗದಲ್ಲಿ ಗಂಟು ಬರುತ್ತದೆಯೇ? ಬರಬಹುದು, ಎಣ್ಣೆಯುಕ್ತ ಲಸಿಕೆಯ ಸ್ವಭಾವ ಅದು. ಈ ಎರಡು ದಿನದ ಹಾಲನ್ನು ರೋಗ ಬಂದ ಹಸುವಿನ ಜೊತೆ ತೂಗಿ ನೋಡಿ. ಬಾಯಿ ಗೊರಸು ಹುಣ್ಣಾಗಿ, ಕೆಚ್ಚಲು ಬಾವು ಸೇರಿಕೊಂಡು, ಆ ಸೂಲಿನ ಹಾಲೇ ಹೋದದ್ದನ್ನು ನೀವು ಕಂಡಿದ್ದೀರಿ. ವಾಸಿಯಾದ ಮೇಲೂ ಬಿಸಿಲಿಗೆ ನಿಂತರೆ ನಾಲಿಗೆ ಚಾಚಿ ತೇಕುವ ಹಸು ಎಷ್ಟು ಮನೆಯಲ್ಲಿಲ್ಲ? ವರ್ಷಕ್ಕೆ ಎರಡು ಸಲ ಯಾಕೆ? ಈ ಲಸಿಕೆಯ ಶಕ್ತಿ ಸುಮಾರು ಆರು ತಿಂಗಳು ಮಾತ್ರ. ಗಬ್ಬದ ಹಸು? ತುಂಬು ಗಬ್ಬವಿದ್ದರೆ ಲಸಿಕೆ ಹಾಕುವವರಿಗೆ ಮೊದಲೇ ತಿಳಿಸಿ, ರಾಸನ್ನು ಗಾಬರಿಪಡಿಸಿ ಕೆಡವಬೇಡಿ. ಜ್ವರವಿರುವ, ಸೊರಗಿದ ರಾಸಿದ್ದರೂ ಹೇಳಿ.

ಇದನ್ನೆಲ್ಲ ನಾನು ಮೈಕಿನಲ್ಲಿ ಹೇಳುವುದಕ್ಕಿಂತ ನಿಮ್ಮ ಸಂಘದ ಹಾಲು ಪರೀಕ್ಷಕರೋ ಪ್ರಥಮ ಚಿಕಿತ್ಸಾ ಕಾರ್ಯಕರ್ತರೋ ಹಾಲು ಅಳೆಯುವಾಗ ಹೇಳಿದರೆ ಹೆಚ್ಚು ನಾಟುತ್ತದೆ. ಅಫಾರ್‌ನ ಆ 20 ಮಂದಿಯ ಸ್ಥಾನದಲ್ಲಿ ಇಲ್ಲಿರುವವರು ನೀವು. ನೀವು ನಿಮ್ಮ ಅಕ್ಕಪಕ್ಕದವರ ಹಸುವಿನ ಹೆಸರು ಬಲ್ಲಿರಿ, ಯಾರ ಮನೆಯಲ್ಲಿ ಯಜಮಾನರಿಗಿಂತ ಅಮ್ಮನವರ ಮಾತು ನಡೆಯುತ್ತದೆಂಬುದನ್ನೂ ಬಲ್ಲಿರಿ. ಕೊಟ್ಟಿಗೆಯ ಕೆಲಸ ಬಹುಪಾಲು ಅವರದೇ ಆದ್ದರಿಂದ, ಗಂಡಸರನ್ನು ಮಾತ್ರ ಸೇರಿಸಿ ಸಭೆ ಮಾಡಿದರೆ ಅರ್ಧ ಕೆಲಸ ಮಾಡಿದಂತೆ. ಯಾರಾದರೂ ಬೇಡ ಎಂದರೆ ವಾದಕ್ಕಿಳಿಯಬೇಡಿ. ಯಾಕೆ ಬೇಡ ಎಂದು ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಹಿಂದಿನ ಸುತ್ತಿನಲ್ಲಿ ಯಾವುದೋ ಹಸು ಕಂದು ಹಾಕಿತ್ತು ಎಂದಾದರೆ ಯಾವ ಹಸು, ಎಷ್ಟು ತಿಂಗಳು, ಯಾವ ದಿನ ಎಂದು ಬರೆಯಿರಿ. ನಾವು ಬಂದು ನೋಡುತ್ತೇವೆ. ಬೇರೆ ಕಾರಣವಿದ್ದರೆ ತೋರಿಸುತ್ತೇವೆ, ಲಸಿಕೆಯದೇ ತೊಂದರೆ ಎಂದು ಕಂಡರೆ ಅದನ್ನೂ ಹಾಗೆಯೇ ಹೇಳುತ್ತೇವೆ.

ಮುಂದಿನ ಸುತ್ತಿಗೆ ಇನ್ನೂ ಸಮಯವಿದೆ. ದಿನಾಂಕ ಗೊತ್ತಾದ ಕೂಡಲೇ ಸಂಘದ ಹಲಗೆಯ ಮೇಲೆ ಬರೆಸುತ್ತೇವೆ. ಅದಕ್ಕೆ ಒಂದು ವಾರ ಮೊದಲು, ಸಂಜೆ ಹಾಲು ಹಾಕುವ ಹೊತ್ತಿಗೆ, ಪ್ರತಿ ಸಂಘದಲ್ಲೂ ಒಂದು ಗಂಟೆ ನಮ್ಮ ಪಶುವೈದ್ಯರೊಬ್ಬರು ಲಸಿಕೆಯ ಸೀಸೆ, ಐಸ್ ಪೆಟ್ಟಿಗೆ, ಸೂಜಿ ಎಲ್ಲವನ್ನೂ ತಂದು ಕೂರುತ್ತಾರೆ. ಸೀಸೆಯ ಮೇಲೆ ಯಾರು ತಯಾರಿಸಿದ್ದು, ಯಾವ ತಾರೀಕಿನದು ಎಂದು ಓದಿ ನೋಡಿ, ಕೈಯಲ್ಲಿ ಹಿಡಿದು ಪೆಟ್ಟಿಗೆ ತಣ್ಣಗಿದೆಯೇ ಪರೀಕ್ಷಿಸಿ. ಬರೆದಿಟ್ಟ ಚೀಟಿಗಳನ್ನು ಆ ದಿನ ತನ್ನಿ.